ಹನ್ನೊಂದು ಗುರಿ, ಹದಿಮೂರು ಗಂಟೆ

(ಈ ಸಲ ಒಂದೇ ಪತ್ರಕ್ಕೆ ಉತ್ತರ. ಬರೆದಿರೋದು ತಿಪಟೂರಲ್ಲಿ ಬಿಕಾಂ ಎರಡನೇ ವರ್ಷ ಓದ್ತಿರೋ ಹುಡುಗಿ, ಊರು ಅರಸೀಕೆರೆ ಕಡೆ ಒಂದು ಹಳ್ಳಿ, ಹೆಸರು ಹಾಕ್ಬೇಡಿ ಅಂದಿದಾಳೆ. ಕಾಲೇಜಿಗೆ ಬಂದಿದ್ದ ಮೋಟಿವೇಶನಲ್ ಸ್ಪೀಕರ್ ಒಬ್ಬರು ಗುರಿಗಳನ್ನ ಬರೆದು ಕಣ್ಣೆದುರು ಅಂಟಿಸ್ಕೊಳ್ಳಿ ಅಂದ್ರಂತೆ. ಇವಳು ಹನ್ನೊಂದು ಬರೆದು ಬೀರು ಬಾಗಿಲಿಗೆ ಅಂಟಿಸಿದಾಳೆ, ಮೂರು ಸಲ ಶುರು ಮಾಡಿ ಮೂರು ಸಲವೂ ನಾಲ್ಕನೇ ದಿನಕ್ಕೆ ಕೈಬಿಟ್ಟಿದಾಳೆ. "ಸರ್, ನನ್ನಲ್ಲೇ ಏನಾದ್ರೂ ಕೊರತೆ ಇದೆಯಾ?" ಅಂತ ಕೇಳಿದಾಳೆ.)

ನೋಡಮ್ಮ, ನೀವು ಗೀವು ಅನ್ನಬೇಡಿ ಅಂತ ನೀನೇ ಬರ್ದಿದೀಯ, ಹಂಗಾಗಿ ನೀನು ಅಂತಾನೇ ಬರೀತೀನಿ. ಮೊದಲು ನಿನ್ನ ಪಟ್ಟಿ ಏನು ಅಂತ ಬೇರೆಯವರಿಗೂ ಗೊತ್ತಾಗ್ಲಿ: ಕೆಎಎಸ್, ಬ್ಯಾಂಕ್ ಎಕ್ಸಾಮು, ಸಿಎ, ಡಿಗ್ರೀಲಿ ಶೇ 90, ಮೂರು ತಿಂಗಳಲ್ಲಿ ಫ್ಲುಯೆಂಟ್ ಇಂಗ್ಲಿಷು, ಟ್ಯಾಲಿ-ಎಕ್ಸೆಲ್, ಬೆಳಗ್ಗೆ ಐದಕ್ಕೆದ್ದು ಯೋಗ, ವಾರಕ್ಕೊಂದು ಪುಸ್ತಕ, ಮೊಬೈಲ್ ಕಮ್ಮಿ ಮಾಡೋದು, ಯೂಟ್ಯೂಬ್ ಚಾನಲ್ಲು, ಅಪ್ಪನ ಸಾಲ ತೀರಿಸೋದು. ಓದಿ ಮುಗಿಸೋಷ್ಟರಲ್ಲಿ ನಂಗೇ ಸುಸ್ತಾಯ್ತು, ಎದ್ದು ಹೋಗಿ ಒಂದು ಟೀ ಕುಡ್ಕೊಂಡ್ ಬಂದೆ.

ನಾಲ್ಕನೇ ದಿನಕ್ಕೆ ಬಿಡೋದ್ರಲ್ಲಿ ನೀನೇನೂ ರೆಕಾರ್ಡ್ ಮಾಡಿಲ್ಲ. ನನ್ ಹತ್ರ ವರ್ಷಕ್ಕೊಂದರಂತೆ ಎಲ್ಐಸಿ ಏಜೆಂಟು ಕೊಟ್ಟ ಡೈರಿಗಳಿವೆ, ಎಲ್ಲದರಲ್ಲೂ ಜನವರಿ ಮೊದಲ ವಾರ ದೊಡ್ಡ ದೊಡ್ಡ ಸಂಕಲ್ಪ, ಅದಾದ್ಮೇಲೆ ಹಾಲಿನ ಲೆಕ್ಕ, ಪೇಪರ್‌ನವನ ಲೆಕ್ಕ, ಫೆಬ್ರವರಿಯಿಂದ ಮಗಳು ಬಿಡಿಸಿದ ನವಿಲು.

ಆ ಸ್ಪೀಕರ್ ಹೇಳಿದ ಕತೆ ಬಗ್ಗೆ ಒಂದ್ ಮಾತು. ಅಮೆರಿಕಾದ ಯೇಲ್ ಯೂನಿವರ್ಸಿಟೀಲಿ 1953ರ ಬ್ಯಾಚ್‌ನಲ್ಲಿ ನೂರಕ್ಕೆ ಮೂರು ಜನ ಮಾತ್ರ ಗುರಿ ಬರೆದಿಟ್ಟಿದ್ರು, ಇಪ್ಪತ್ತು ವರ್ಷ ಆದ್ಮೇಲೆ ನೋಡಿದ್ರೆ ಉಳಿದ 97 ಜನರ ಆಸ್ತಿ ಎಲ್ಲಾ ಕೂಡಿಸಿದ್ರೂ ಆ ಮೂರು ಜನರ ಆಸ್ತಿನೇ ಜಾಸ್ತಿ ಇತ್ತು ಅಂದ್ರು ಅಂತ ಬರ್ದಿದೀಯ. ಆ ಸ್ಟಡಿ ನಡೆದೇ ಇಲ್ಲಮ್ಮ! 1996ರಲ್ಲಿ ಫಾಸ್ಟ್ ಕಂಪನಿ ಅನ್ನೋ ಮ್ಯಾಗಝೀನ್‌ನವರು ಬೆನ್ನು ಹತ್ತಿ ಹೋದ್ರೆ, ಈ ಕತೆ ಹೇಳ್ತಿದ್ದ ಒಬ್ಬೊಬ್ಬ ಸ್ಪೀಕರೂ ಇನ್ನೊಬ್ಬನ ಕಡೆ ಕೈ ತೋರಿಸಿದ್ರೇ ಹೊರತು ಮೂಲ ಯಾರಿಗೂ ಗೊತ್ತಿರ್ಲಿಲ್ಲ, ಯೇಲ್‌ನವರೇ ಅಂಥ ಸ್ಟಡಿ ನಮ್ಮಲ್ಲಿ ಆಗಿಲ್ಲ ಅಂತ ಹೇಳಿದಾರೆ. ಇಷ್ಟಾದ್ರೂ ಅದು ತಿಪಟೂರಿನ ತನಕ ಬಂದಿದೆ ನೋಡು, ಬಸ್ ಕೆಟ್ರೂ ಸುಳ್ಳು ಕೆಡಲ್ಲ. ಆದ್ರೆ ಕತೆ ಸುಳ್ಳು ಅಂತ ಗೊತ್ತಾದ್ಮೇಲೆ ಕ್ಯಾಲಿಫೋರ್ನಿಯಾದ ಡೊಮಿನಿಕನ್ ಯೂನಿವರ್ಸಿಟೀಲಿ ಗೇಲ್ ಮ್ಯಾಥ್ಯೂಸ್ ಅನ್ನೋ ಸೈಕಾಲಜಿ ಪ್ರೊಫೆಸರು ನಿಜವಾಗ್ಲೂ ಒಂದು ಸ್ಟಡಿ ಮಾಡಿದ್ರು. ಸುಮ್ನೆ ಮನಸಲ್ಲಿ ಅಂದ್ಕೊಂಡವರಿಗಿಂತ ಬರೆದವರು ಮುಂದೆ, ಬರೆದು ಪ್ರತಿ ವಾರ ಒಬ್ಬ ಫ್ರೆಂಡ್‌ಗೆ 'ಇಷ್ಟಾಯ್ತು' ಅಂತ ವರದಿ ಕಳಿಸಿದವರು ಎಲ್ರಿಗಿಂತ ಮುಂದೆ. ನಿನ್ ಬೀರು ಬಾಗಿಲು ನಿನ್ನನ್ನ ಏನೂ ಕೇಳಲ್ಲ, ತೊಂದ್ರೆ ಅಲ್ಲೂ ಸ್ವಲ್ಪ ಇದೆ.

ಈಗ ಲೆಕ್ಕಕ್ಕೆ ಬರೋಣ. ಬಿಕಾಂನವಳು, ತಪ್ಪಿದ್ರೆ ಹಿಡಿ. ಪತ್ರದ ಹಿಂದೆ ದಿನಚರಿ ಬರ್ದಿದೀಯಲ್ಲ, ಅದನ್ನೇ ಇಟ್ಕೊಂಡು ಕೂಡಿದೆ. ವಾರಕ್ಕೆ 168 ಗಂಟೆ. ನಿದ್ದೆ ಏಳೇಳು ನಲವತ್ತೊಂಬತ್ತು. ಬೆಳಗ್ಗೆ ಏಳೂಮುಕ್ಕಾಲಿಗೆ ಮನೆ ಬಿಟ್ರೆ ವಾಪಸ್ ಬರೋದು ಐದೂಕಾಲಿಗೆ ಅಂದಿದೀಯ, ದಿನಕ್ಕೆ ಒಂಬತ್ತೂವರೆಯಂತೆ ಆರು ದಿನಕ್ಕೆ 57. ಹಾಲು ಕರೆಯೋದು, ಡೈರಿಗೆ ಹಾಕೋದು, ಅಮ್ಮನ ಜೊತೆ ಅಡುಗೆ, ಸ್ನಾನ ಊಟ ಎಲ್ಲಾ ಸೇರಿ ದಿನಕ್ಕೆ ನಾಲ್ಕು, ಅಲ್ಲಿಗೆ 28. ಭಾನುವಾರದ ಬಟ್ಟೆ ಒಗೆಯೋದು, ನೆಂಟರು, ಅಜ್ಜಿ ಮಾತ್ರೆ ತರೋದು, ಐದು. ಅಸೈನ್‌ಮೆಂಟು ಟೆಸ್ಟು ಒಂಬತ್ತು. ಉಳಿದಿದ್ದು 20. ಮೊಬೈಲ್ ದಿನಕ್ಕೆ ಎರಡು ಗಂಟೆ ಅಂತ ನೀನೇ ಒಪ್ಕೊಂಡಿದೀಯ (ಎರಡೇ ಅಂತ ನಾನು ನಂಬಿದೀನಿ, ಇರ್ಲಿ), 14 ಹೋಯ್ತು. ಆರು ಗಂಟೆ ಉಳೀತು. ಮೊಬೈಲ್ ಅರ್ಧ ಮಾಡಿದ್ರೆ ಹದಿಮೂರು. ಪೂರ್ತಿ ಬಿಡ್ತೀನಿ ಅನ್ಬೇಡ, ಬಿಡಲ್ಲ.

ಇನ್ನೊಂದು ಕಡೆ ನಿನ್ ಹನ್ನೊಂದು ಗುರಿಗೆ ನೀನೇ ಹಾಕಿರೋ ಟೈಮ್‌ಟೇಬಲ್ ಕೂಡಿದ್ರೆ ವಾರಕ್ಕೆ 61 ಗಂಟೆ ಬರುತ್ತೆ. ಹದಿಮೂರು ಸೇರಿನ ಡಬ್ಬಕ್ಕೆ ಅರವತ್ತೊಂದು ಸೇರು ರಾಗಿ ಸುರಿದ್ರೆ ಚೆಲ್ಲದೆ ಇನ್ನೇನಾಗುತ್ತೆ, ಅದಕ್ಕೆ ನಿನ್ ಇಚ್ಛಾಶಕ್ತಿನ ಯಾಕೆ ಬೈತೀಯ. ಬಸ್ಸಲ್ಲಿ ಓದ್ತೀನಿ ಅಂತ ಬೇರೆ ಬರ್ದಿದೀಯ, 2023ರಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನಿಂಗೆ ಟಿಕೆಟ್ ಫ್ರೀ ಆಯ್ತು, ಸೀಟ್ ಅಲ್ಲ ಕಣಮ್ಮ. ನಿಂತ್ಕೊಂಡು ಇಂಗ್ಲಿಷ್ ವಾರ್ತೆ ಕೇಳೋಕಾಗುತ್ತೆ, ಅಷ್ಟು ಸಾಕು, ಇಂಗ್ಲಿಷ್ ಖಾತೆಗೆ ಅದೇ ಜಮಾ.

ಟೈಮ್ ಅಂದಾಜು ತಪ್ಪೋದು ನಿಂಗೊಬ್ಬಳಿಗಲ್ಲ ಅನ್ನೋಕೂ ಒಂದು ಸ್ಟಡಿ ಇದೆ, ಇದು ನಡೆದಿರೋದೇ. 1994ರಲ್ಲಿ ಕೆನಡಾದ ಸಂಶೋಧಕರು ಥೀಸಿಸ್ ಬರೀತಿದ್ದ ಕಾಲೇಜು ಹುಡುಗರನ್ನ ಎಷ್ಟು ದಿನದಲ್ಲಿ ಮುಗಿಸ್ತೀರ ಅಂತ ಕೇಳಿದ್ರು, ಸರಾಸರಿ ಸುಮಾರು 34 ದಿನ ಅಂದ್ರು. ಎಲ್ಲಾ ಕೈಕೊಟ್ರೆ ಎಷ್ಟು ಅಂದಿದ್ದಕ್ಕೆ 49ರ ಹತ್ರ ಹೇಳಿದ್ರು. ಹಿಡಿದಿದ್ದು 55ರ ಮೇಲೆ. ಹಂಗಾಗಿ ನಿನ್ ಹದಿಮೂರನ್ನೂ ನಾನು ಪೂರ್ತಿ ನಂಬಲ್ಲ, ಹತ್ತು ಅಂತ ಇಟ್ಕೋ.

ಹತ್ತು ಗಂಟೇಲಿ ಯಾವುದು? ಇಲ್ಲಿ ನಿಮ್ಮನೆ ಅಟ್ಟ ನೆನಪಿಸ್ಕೋ. ನಿಮ್ಮಪ್ಪ ತೆಂಗಿನಕಾಯಿನ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯ್ತಾರೆ ಉಂಡೆ ಕೊಬ್ಬರಿ ಆಗೋಕೆ. ಒಳ್ಳೆ ಕಾಯಿ ಆರಿಸೋದು, ತೇವ ಬೀಳದಂಗೆ ನೋಡ್ಕೊಳ್ಳೋದು ಅವರ ಕೈಲಿ, ಎಪಿಎಂಸೀಲಿ ಅವತ್ತಿನ ರೇಟು ಅವರ ಕೈಲಿಲ್ಲ. ಕೆಎಎಸ್ ಹೆಚ್ಚುಕಮ್ಮಿ ಆ ರೇಟ್ ಇದ್ದಂಗೆ. 2020ರಲ್ಲಿ 106 ಹುದ್ದೆಗೆ ಕರೆದ್ರು, ಅದಾದ್ಮೇಲೆ ಕರೆದಿದ್ದು 2024ರಲ್ಲಿ, 384ಕ್ಕೆ, ಅದರಲ್ಲೂ ಆಗಸ್ಟ್‌ನಲ್ಲಿ ಪ್ರಿಲಿಮ್ಸ್ ಬರೆಸಿ, ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕೆಟ್ಟದಾಗಿತ್ತು ಅಂತ ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದ್ರು. ಕನ್ನಡದ ರಾಜ್ಯದಲ್ಲಿ ಕನ್ನಡ ಪ್ರಶ್ನೆ ಅರ್ಥ ಆಗ್ಲಿಲ್ಲ ಅಂದ್ರೆ ಏನ್ ಹೇಳ್ಲಿ, ಆ ವಿಷ್ಯ ಇನ್ನೊಂದು ಸಂಚಿಕೆಗೆ. ಕೆಎಎಸ್ ಬಿಡು ಅಂತಿಲ್ಲ. 21 ತುಂಬೋ ತನಕ ಹೆಂಗೂ ಬರೆಯೋಕಾಗಲ್ಲ, ಈಗ ದಿನಾ ಒಂದು ಕನ್ನಡ ಪೇಪರ್ ಸರಿಯಾಗಿ ಓದು, ಕೋಚಿಂಗ್‌ಗೆ ಬೆಂಗಳೂರಿಗೆ ಹೋಗೋ ಮಾತು ಈಗ ಬೇಡ.

ಬ್ಯಾಂಕ್ ಕತೆ ಬೇರೆ. ಸರ್ಕಾರಿ ಬ್ಯಾಂಕ್‌ಗಳ ನೇಮಕಾತಿ ಪರೀಕ್ಷೆ ನಡೆಸೋ ಐಬಿಪಿಎಸ್‌ನವರು ವರ್ಷದ ಕ್ಯಾಲೆಂಡರ್ ಮೊದಲೇ ಬಿಡ್ತಾರೆ, ಪ್ರತಿ ವರ್ಷ ಎಕ್ಸಾಮ್ ಇರುತ್ತೆ, ಯಾವ ಡಿಗ್ರಿ ಆದ್ರೂ ಸಾಕು. ಕ್ಲರ್ಕ್‌ಗೆ (ಈಗ ಅದಕ್ಕೆ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಅಂತ ಉದ್ದ ಹೆಸರು) 20ರಿಂದ 28, ಪಿಓಗೆ (ಪ್ರೊಬೇಷನರಿ ಆಫೀಸರ್, ಅಂದ್ರೆ ಅಧಿಕಾರಿ ಹುದ್ದೆ) 20ರಿಂದ 30 ವಯಸ್ಸು. ಕ್ಲರ್ಕ್ ಎಕ್ಸಾಮನ್ನ ಇಂಗ್ಲಿಷ್ ಸೆಕ್ಷನ್ ಬಿಟ್ಟು ಉಳಿದಿದ್ದು ಕನ್ನಡದಲ್ಲೇ ಬರೀಬಹುದು. ಪ್ರಿಲಿಮ್ಸ್ ನೂರು ಪ್ರಶ್ನೆ ಒಂದು ಗಂಟೆ: ಇಂಗ್ಲಿಷ್ 30, ಲೆಕ್ಕ 35, ರೀಸನಿಂಗ್ 35, ಒಂದೊಂದಕ್ಕೂ 20 ನಿಮಿಷ. ಇದು ಅಭ್ಯಾಸದ ಆಟ, ಹತ್ತು ಗಂಟೆಗೆ ಹೇಳಿ ಮಾಡಿಸಿದ ಗುರಿ ಇದೇ ಅಂತ ನಂಗನ್ಸುತ್ತೆ, ಡಿಗ್ರಿ ಮುಗಿಯೋಷ್ಟರಲ್ಲಿ ಕೈ ಕುದುರಿರುತ್ತೆ.

ಸಿಎ? ಫ್ರೆಂಡ್ ಮಾಡ್ತಿದಾಳೆ ಅನ್ನೋದು ಬಿಟ್ಟು ಬೇರೆ ಕಾರಣ ನಿನ್ ಪತ್ರದಲ್ಲಿ ಕಾಣ್ಲಿಲ್ಲ. ಈಗ ಪಕ್ಕಕ್ಕಿಟ್ರೂ ಏನೂ ಮುಳುಗಲ್ಲ, ಬಿಕಾಂನಲ್ಲಿ ಶೇ 55 ಇದ್ರೆ ಸಿಎಯ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೀದೆ ನೇರ ಎರಡನೇ ಹಂತದ ಇಂಟರ್‌ಮೀಡಿಯೇಟ್‌ಗೆ ಸೇರಬಹುದು. ಆಮೇಲೆ ಯೋಚ್ನೆ ಮಾಡು. ಆ ಶೇ 90ನೂ ಹಂಗೇ, ಯಾಕೆ 90? 89 ಬಂದ್ರೆ ಅಳ್ತೀಯಾ? ಟ್ಯಾಲಿ ಬೇಸಿಗೆ ರಜೆಗೆ. ಯೋಗ, ಪುಸ್ತಕ ಎಲ್ಲಾ ಮನಸಿಗೆ ಬಂದಾಗ.

ಹನ್ನೊಂದನೇದು, ಅಪ್ಪನ ಸಾಲ. ಬೇರೆ ಹತ್ತನ್ನೂ ನೀಲಿ ಪೆನ್ನಲ್ಲಿ ಬರೆದು ಇದೊಂದನ್ನ ಕೆಂಪಲ್ಲಿ ಬರ್ದಿದೀಯ. ಇದರ ಬಗ್ಗೆ ಹಗುರವಾಗಿ ಮಾತಾಡೋ ಯೋಗ್ಯತೆ ನಂಗಿಲ್ಲ. ಆದ್ರೆ ಹತ್ತೊಂಬತ್ತು ವರ್ಷದ ಹುಡುಗಿ ದಿನಾ ಬೆಳಗ್ಗೆ ಬೀರು ತೆಗೆದಾಗೆಲ್ಲ ಅದನ್ನ ಓದಿ ಬಟ್ಟೆ ಎತ್ಕೊಳ್ಳೋದು ನಂಗೆ ಸರಿ ಕಾಣ್ಲಿಲ್ಲ, ಅಪ್ಪನೂ ದಿನಾ ಅದನ್ನ ನೋಡ್ತಿರ್ತಾರೆ, ಅದು ನೆನಪಿದೆಯಾ? ಅದನ್ನ ಅಲ್ಲಿಂದ ತೆಗೆದುಬಿಡು. ಅದರ ಬದ್ಲು ಈ ವಾರ ಮಾಡೋ ಕೆಲಸ ಹೇಳ್ತೀನಿ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಿದೀಯಾ, ಬ್ಯಾಂಕ್ ಖಾತೆಗೆ ಆಧಾರ್ ಸೀಡ್ (ಜೋಡಣೆ) ಆಗಿದೆಯಾ ನೋಡು, ಎಷ್ಟೋ ಮಕ್ಕಳ ದುಡ್ಡು ಅಲ್ಲೇ ಸಿಕ್ಕಾಕೊಂಡಿರುತ್ತೆ. ರೈತರ ಮಕ್ಕಳಿಗೆ ಅಂತ 2021ರಲ್ಲಿ ವಿದ್ಯಾನಿಧಿ ಶುರುವಾದಾಗ ಡಿಗ್ರಿ ಓದೋ ಹೆಣ್ಮಕ್ಕಳಿಗೆ ವರ್ಷಕ್ಕೆ 5,500 ಇತ್ತು, ನಿಂಗೆ ಬರುತ್ತಾ ಅಂತ ಕಾಲೇಜ್ ಆಫೀಸಲ್ಲಿ ಕೇಳು. ಸಾಲದ ಎದುರು ಚಿಕ್ಕ ದುಡ್ಡೇ, ಆದ್ರೂ ಫೀಸಿಗೆ ಅಪ್ಪ ಇನ್ನೊಬ್ಬರ ಹತ್ರ ಕೈ ಚಾಚೋದು ಅಷ್ಟು ತಪ್ಪುತ್ತೆ.

ಇನ್ನು ಐದಕ್ಕೆ ಏಳೋ ವಿಷ್ಯ. ಅಲಾರಂ ಜೊತೆ ಜಗಳ ಬೇಡ. ಪೀಟರ್ ಗಾಲ್ವಿಟ್ಝರ್ ಅಂತ ಒಬ್ಬ ಸೈಕಾಲಜಿಸ್ಟ್ ವರ್ಷಗಟ್ಟಲೆ ಇದನ್ನೇ ನೋಡಿದಾರೆ, 'ಓದ್ತೀನಿ' ಅಂತ ಸುಮ್ನೆ ಅಂದ್ಕೊಳ್ಳೋದಕ್ಕಿಂತ 'ಇಂಥ ಕೆಲಸ ಆದ ತಕ್ಷಣ ಇಂಥ ಕಡೆ ಕೂತು ಇದನ್ನ ಮಾಡ್ತೀನಿ' ಅಂತ ಮೊದಲೇ ಗಂಟು ಹಾಕಿಟ್ಟವರು ಜಾಸ್ತಿ ಮಾಡಿ ಮುಗಿಸ್ತಾರೆ. ನಿಂಗೆ ದಿನಾ ತಪ್ಪದ ಕೆಲಸ ಅಂದ್ರೆ ಹಾಲು, ಹಸು ರಜೆ ಕೊಡಲ್ಲವಲ್ಲ. ಡೈರಿಗೆ ಹಾಲು ಹಾಕಿ ಬಂದು, ಕ್ಯಾನ್ ತೊಳೆದು ಬೋರಲು ಹಾಕಿದ ತಕ್ಷಣ ಜಗಲಿ ಮೇಲೆ ಕೂತು 35 ಲೆಕ್ಕ, 20 ನಿಮಿಷ. ಫೋನ್ ಒಳಗಿರ್ಲಿ, ಟೈಮ್ ನೋಡೋಕೆ ಗೋಡೆ ಗಡಿಯಾರ. ಮೊದಲ ದಿನ ಒಂಬತ್ತು ಸರಿ ಬಂದ್ರೆ ಒಂಬತ್ತು ಅಂತಾನೇ ಬರಿ. ಒಂದು ದಿನ ತಪ್ಪಿದ್ರೆ ಮಾರನೇ ದಿನಕ್ಕೆ 70 ಅಂತ ಬಾಕಿ ಹೊರಿಸ್ಬೇಡ, ನೀನು ಮೂರು ಸಲ ಬಿಟ್ಟಿದ್ದು ಹಂಗೇ, ಪತ್ರದಲ್ಲೇ ಇದೆ: 'ಎರಡು ದಿನದ್ದು ಸೇರಿಸಿ ಮಾಡೋಕೆ ಕೂತೆ ಸರ್, ಆಗ್ಲಿಲ್ಲ.'

ವಾರದ ವರದಿ ನಂಗೆ ಕಳಿಸ್ಬೇಡ, ನಮ್ ಆಫೀಸಲ್ಲಿ ಟಪಾಲು ಒಡೆಯೋಕೇ ಹದಿನೈದು ದಿನ ಹಿಡಿಯುತ್ತೆ. ಬಸ್ಸಲ್ಲಿ ನಿನ್ ಬ್ಯಾಗ್ ಹಿಡ್ಕೊಳ್ಳೋ ಗೆಳತಿ ಒಬ್ಬಳು ಬಂದೋಗಿದಾಳಲ್ಲ ಪತ್ರದಲ್ಲಿ, ಶನಿವಾರ ಸಂಜೆ ಅವಳಿಗೆ ಆ ವಾರ ಎಷ್ಟು ಲೆಕ್ಕ ಸರಿ ಬಂತು ಅಂತ ಹೇಳು. ಅವಳದ್ದೂ ಕೇಳು.

ಯೂಟ್ಯೂಬ್ ಚಾನಲ್ ಕೈಬಿಡ್ಲಾ ಅಂತ ಕೊನೇಲಿ ಸಣ್ಣಗೆ ಕೇಳಿದೀಯ, ಅಜ್ಜಿ ಅಡುಗೆ ವಿಡಿಯೋ ಮೂರು ಹಾಕಿದೀನಿ, 41 ವ್ಯೂಸ್ ಬಂದಿದೆ ಅಂತ. ಬಿಡ್ಬೇಡ, ಗುರಿ ಪಟ್ಟಿಯಿಂದ ಮಾತ್ರ ಹೊಡೆದುಹಾಕು. ಅಜ್ಜಿ ಹುಷಾರಾಗಿದ್ದ ಭಾನುವಾರ ಮಾಡು, ಇಲ್ದಿದ್ರೆ ಬಿಡು. ಕಾಯಿ ಹೋಳಿಗೆ ಮಾಡಿದ ದಿನ ಲಿಂಕ್ ಕಳ್ಸು, 42ನೇ ವ್ಯೂ ನಂದು.