ಹಳೇ ಫ್ಯಾಮಿಲಿ ಕ್ರೂಸರ್ ಬೋಟ್‌ಗೆ ಪವರ್ ಇಲ್ಲ, ಇಂಜಿನ್ ಬೇರೆ ಬಿಸಿಯಾಗುತ್ತಿದೆ. ರೀಬಿಲ್ಡ್ ಮಾಡಿಸಲೇಬೇಕಾ?

ರೀಬಿಲ್ಡ್ (ಇಂಜಿನ್ ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವುದು) ಮಾತು ಸದ್ಯಕ್ಕೆ ಬೇಡ. ನೀವು ಹೇಳಿರುವುದು ಇಷ್ಟು: 30 ವರ್ಷದ ಬೋಟ್, ಪೆಟ್ರೋಲ್ ವಿ8 ಇನ್‌ಬೋರ್ಡ್ (ಬೋಟ್ ಒಳಗೇ ಕೂರಿಸಿದ ಎಂಟು ಸಿಲಿಂಡರ್ ಇಂಜಿನ್), ಓಡಿಸುವುದು ಉಪ್ಪುನೀರಿನಲ್ಲಿ. ನಿಧಾನಕ್ಕೆ ಹೋದರೆ ಏನೂ ತೊಂದರೆ ಇಲ್ಲ. ಫುಲ್ ಥ್ರಾಟಲ್ ಕೊಟ್ಟರೆ ಆರ್‌ಪಿಎಂ ಮೊದಲಿನಷ್ಟು ಏರಲ್ಲ, ಸ್ವಲ್ಪ ಹೊತ್ತಿಗೇ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗುತ್ತದೆ. ಮೆಕ್ಯಾನಿಕ್ ಇಂಜಿನ್ ಸವೆದಿದೆ ಅಂದಿದ್ದಾರೆ.

ಸವೆದ ಇಂಜಿನ್‌ಗೆ ಪವರ್ ಕಡಿಮೆಯಾಗುತ್ತದೆ, ನಿಜ. ಆದರೆ ಜೋರಾಗಿ ಓಡಿಸಿದಾಗ ಮಾತ್ರ ಬಿಸಿಯಾಗುವುದಕ್ಕೆ ಸವೆತ ಸಾಲದು. ಎರಡೂ ಒಟ್ಟಿಗೆ ಶುರುವಾಗಿದ್ದರೆ ಎರಡಕ್ಕೂ ಒಂದೇ ಕಾರಣ ಹುಡುಕಬೇಕು, ಅಲ್ವಾ? ನನಗೆ ಅನುಮಾನ ಇರುವುದು ಮುಖ್ಯವಾಗಿ ಎರಡು ಕಡೆ: ಎಕ್ಸಾಸ್ಟ್ ಎಲ್ಬೋ (ಹೊಗೆ ಹೊರಗೆ ಹೋಗುವ ಕೊಳವೆಯ ಬಾಗಿದ ತುಂಡು) ಮತ್ತು ಪ್ರೊಪೆಲ್ಲರ್.

ಮೊದಲು ಎಲ್ಬೋ. ಇಂಜಿನ್ ತಣ್ಣಗೆ ಮಾಡಿ ಬಂದ ನೀರು ಇಲ್ಲೇ ಹೊಗೆಯ ಜೊತೆ ಸೇರಿ ಹೊರಗೆ ಹೋಗುತ್ತದೆ. ಬಿಸಿ ಹೊಗೆ, ಉಪ್ಪುನೀರು, ಎರಕದ ಕಬ್ಬಿಣ, ಮೂರೂ ಒಂದೇ ಜಾಗದಲ್ಲಿ. ತುಕ್ಕು ಹಿಡಿಯದೇ ಇನ್ನೇನಾಗುತ್ತದೆ? ನಾನು ಬಿಚ್ಚಿ ನೋಡಿದ ಒಂದು ಎಲ್ಬೋ ಹೊರಗಿನಿಂದ ಬಣ್ಣ ಹೊಡೆದುಕೊಂಡು ಚೆನ್ನಾಗಿಯೇ ಇತ್ತು. ಒಳಗೆ ನೀರಿನ ದಾರಿಗೆ ಪೆನ್ಸಿಲ್ ತೂರಿಸುವುದೂ ಕಷ್ಟ, ಸ್ಕ್ರೂಡ್ರೈವರ್‌ನಲ್ಲಿ ಕೆರೆದರೆ ತುಕ್ಕು ಹಾಳೆ ಹಾಳೆಯಾಗಿ ಉದುರುತ್ತಿತ್ತು. ಹೀಗಾದಾಗ ನೀರು ಸಾಕಷ್ಟು ಹರಿಯಲ್ಲ, ಇಂಜಿನ್ ಬಿಸಿಯಾಗುತ್ತದೆ. ಹೊಗೆಯ ದಾರಿಯೂ ಕಟ್ಟಿಕೊಂಡರೆ ಇಂಜಿನ್‌ಗೆ ಉಸಿರಾಡಲು ಆಗಲ್ಲ, ಪವರ್ ಬೀಳುತ್ತದೆ. ಉಪ್ಪುನೀರಿನಲ್ಲಿ ಇದರ ಆಯುಸ್ಸು ಐದಾರು ವರ್ಷ ಅಂತ ಲೆಕ್ಕ ಹಾಕುವವರೇ ಜಾಸ್ತಿ. ಒಳಗಿನ ಗೋಡೆ ತೂತಾದರೆ ನೀರು ಸೀದಾ ಸಿಲಿಂಡರ್‌ಗೆ ಇಳಿಯುತ್ತದೆ, ಆಗ ರೀಬಿಲ್ಡ್ ನಿಜವಾಗಲೂ ಬೇಕಾಗುತ್ತದೆ. ಕೊನೇ ಸಲ ಯಾವಾಗ ಬದಲಾಯಿಸಿದ್ದು ಅಂತ ನಿಮಗೆ ಗೊತ್ತಿಲ್ಲದಿದ್ದರೆ ಇದನ್ನೇ ಮೊದಲು ಬಿಚ್ಚಿಸಿ.

ಪ್ರೊಪೆಲ್ಲರ್ ವಿಷಯಕ್ಕೆ ಬೋಟ್ ಮೇಲೆತ್ತಿಸಿ. ಬ್ಲೇಡ್ ಮೇಲೆ, ತಳದ ಮೇಲೆ ಚಿಪ್ಪು, ಪಾಚಿ ಕೂತಿದ್ದರೆ ಇಂಜಿನ್ ಪೂರ್ತಿ ಭಾರ ಎಳೆಯುತ್ತಾ ಏದುಸಿರು ಬಿಡುತ್ತದೆ. ಹಳೇ ಬೋಟ್‌ಗಳು ವರ್ಷ ಕಳೆದಂತೆ ತೂಕವನ್ನೂ ಏರಿಸಿಕೊಳ್ಳುತ್ತವೆ. (ಲಾಕರ್‌ಗಳನ್ನು ಒಮ್ಮೆ ಖಾಲಿ ಮಾಡಿ, ಯಾವ ಕಾಲದ ಹಗ್ಗ, ಆಂಕರ್ ಎಲ್ಲ ಸಿಗುತ್ತವೆ ನೋಡಿ.) ಮ್ಯಾನುಯಲ್‌ನಲ್ಲಿ ಫುಲ್ ಥ್ರಾಟಲ್‌ಗೆ ಎಷ್ಟು ಆರ್‌ಪಿಎಂ ಬರಬೇಕು ಅಂತ ಕೊಟ್ಟಿರುತ್ತಾರೆ. 5.7 ಲೀಟರ್ ವಿ8 ಆದರೆ ಎಷ್ಟೋ ಮಾಡೆಲ್‌ಗಳಿಗೆ ಅದು 4400ರಿಂದ 4800. ನಿಮ್ಮದು 3900ಕ್ಕೇ ನಿಂತರೆ, ತಳ ಕ್ಲೀನ್ ಇದ್ದರೆ, ಇಂಜಿನ್ ಕೂಡ ಸರಿ ಇದ್ದರೆ, ಆಮೇಲೆ ಪ್ರೊಪೆಲ್ಲರ್‌ನ ಪಿಚ್ (ಒಂದು ಸುತ್ತಿಗೆ ಅದು ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ) ಕಡಿಮೆ ಮಾಡುವ ಯೋಚನೆ ಮಾಡಿ. ಒಂದು ಇಂಚು ಪಿಚ್‌ಗೆ ಸುಮಾರು 150ರಿಂದ 200 ಆರ್‌ಪಿಎಂ ವ್ಯತ್ಯಾಸವಾಗುತ್ತದೆ. ಹಳೇ ಮೀಟರ್‌ಗಳನ್ನು ಮಾತ್ರ ಸುಮ್ನೆ ನಂಬಬೇಡಿ. ಆರ್‌ಪಿಎಂಗೆ ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರ್, ಬಿಸಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್, ಎರಡನ್ನೂ ಎರವಲು ತಂದಾದರೂ ನೋಡಿ.

ನೀರು ಒಳಗೆ ಬರುವ ದಾರಿಯನ್ನೂ ಅದೇ ದಿನ ಮುಗಿಸಿ: ಸ್ಟ್ರೈನರ್ (ಕಸ ತಡೆಯುವ ಜಾಲರಿ), ಹೋಸ್, ಇಂಪೆಲ್ಲರ್ (ನೀರಿನ ಪಂಪ್ ಒಳಗೆ ತಿರುಗುವ ರಬ್ಬರ್ ಚಕ್ರ). ಹಳೇ ಹೋಸ್ ಕೈಗೆ ಗಟ್ಟಿಯಾಗಿಯೇ ಸಿಗುತ್ತದೆ, ಜೋರಾಗಿ ಎಳೆತ ಬಂದಾಗ ಮಾತ್ರ ಒಳಪದರ ಕುಸಿದು ದಾರಿ ಮುಚ್ಚುತ್ತದೆ. ನಿಧಾನಕ್ಕೆ ಹೋದಾಗ ಬಿಸಿಯಾಗದಿರುವುದಕ್ಕೆ ಇದೂ ಒಂದು ಕಾರಣ ಆಗಬಹುದು. ಇಂಪೆಲ್ಲರ್ ಬಿಚ್ಚಿದಾಗ ರಬ್ಬರ್ ರೆಕ್ಕೆಗಳನ್ನು ಎಣಿಸಿ. ಒಂದು ಕಾಣದಿದ್ದರೆ ಹೊಸದು ಹಾಕಿ ಕೈತೊಳೆದುಕೊಳ್ಳಬೇಡಿ. ಆ ತುಂಡು ಮುಂದೆ ಎಲ್ಲೋ ಸಿಕ್ಕಿಕೊಂಡಿರುತ್ತದೆ, ಸಾಮಾನ್ಯವಾಗಿ ಆಯಿಲ್ ಕೂಲರ್ ಅಥವಾ ಹೀಟ್ ಎಕ್ಸ್‌ಚೇಂಜರ್ ಬಾಯಲ್ಲಿ. ಅದು ಕೈಗೆ ಸಿಗುವವರೆಗೂ ಹುಡುಕಿ.

ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ನೀರಿನ ಹರಿವು ನಿಯಂತ್ರಿಸುವ ವಾಲ್ವ್) ತೆಗೆದುಬಿಟ್ಟರೆ ತಣ್ಣಗಿರುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ನಿಜವಾದ ತೊಂದರೆ ಹಾಗೇ ಉಳಿಯುತ್ತದೆ. ಫ್ಯೂಯಲ್ ಫಿಲ್ಟರ್ ಹೊಸದು ಹಾಕಿ, ಅದರ ಬಗ್ಗೆ ಬೇರೆ ಮಾತು ಬೇಕಿಲ್ಲ.

ಪೆಟ್ರೋಲ್ ಇಂಜಿನ್ ಆದ್ದರಿಂದ ಒಂದು ಮಾತು. ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ಬ್ಲೋವರ್ (ಇಂಜಿನ್ ಜಾಗದ ಗಾಳಿಯನ್ನು ಹೊರಹಾಕುವ ಫ್ಯಾನ್) 4 ನಿಮಿಷ ಓಡಲಿ, ಪೆಟ್ರೋಲ್ ವಾಸನೆ ಇದೆಯಾ ಅಂತ ಇಂಜಿನ್ ಜಾಗವನ್ನು ಮೂಸಿ ನೋಡಿ. ಎಕ್ಸಾಸ್ಟ್ ಬಿಚ್ಚಿ ಜೋಡಿಸಿದ ಮೇಲೆ ಕ್ಯಾಬಿನ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಅಂತಲೂ ನೋಡಿಕೊಳ್ಳಿ, ಮಕ್ಕಳು ಮಲಗುವ ಜಾಗ ಅದು.

ಇಷ್ಟಾದರೂ ಸರಿಯಾಗದಿದ್ದರೆ ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಪಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಮಾತ್ರ ಕಡಿಮೆ ಬಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ಸೀಲ್) ಹೋಗಿರಬಹುದು, ಅದೂ ಪವರ್ ಇಳಿಸಿ ಇಂಜಿನ್ ಬಿಸಿ ಮಾಡುತ್ತದೆ, ಆದರೆ ರೀಬಿಲ್ಡ್‌ಗಿಂತ ಎಷ್ಟೋ ಸಣ್ಣ ಕೆಲಸ. ಎಲ್ಲ ಸಿಲಿಂಡರ್‌ಗಳಲ್ಲೂ ಒಂದೇ ಸಮ ಕಡಿಮೆ ಬಂದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಮಾತನ್ನು ನಾನು ಒಪ್ಪುತ್ತೇನೆ.