ಪ್ರತಿಕ್ರಿಯೆ: ಶಿಕ್ಷೆ ಮುಗಿದ ಮುದಿ ಕೈದಿಗಳಿಗೆ ಸಿಡ್ನಿಯಲ್ಲಿ ಯಾರು ದಿಕ್ಕು?

ಇಂಗ್ಲೆಂಡಿನ ಬಡವರ ಕಾನೂನು ಸಿಡ್ನಿಯಲ್ಲೂ ಇತ್ತಾ, ಬ್ರಿಟನ್ನಿನಿಂದ ಹಡಗಿನಲ್ಲಿ ಅಲ್ಲಿಗೆ ಸಾಗಿಸಿದ ಕೈದಿ ಶಿಕ್ಷೆ ಮುಗಿಸಿ ಮುದುಕನಾದರೆ ಅನ್ನ ಹಾಕುತ್ತಿದ್ದವರು ಯಾರು ಅಂತ ಕೇಳಿದ್ದೀರಿ. ಆ ಕಾನೂನು ಅಲ್ಲಿ ಜಾರಿಗೆ ಬರಲೇ ಇಲ್ಲ. ಇಂಗ್ಲೆಂಡಿನಲ್ಲಾದರೆ ಊರಿನ ತೆರಿಗೆ ಹಣದಲ್ಲಿ ನೆರವು ಕೇಳುವ ದಾರಿಯಿತ್ತು. ಸಿಡ್ನಿ ಇದ್ದ ಬ್ರಿಟಿಷ್ ವಸಾಹತು ನ್ಯೂ ಸೌತ್ ವೇಲ್ಸ್‌ನಲ್ಲಿ ಅದೂ ಇಲ್ಲ.

ಆ ಜಾಗ ತುಂಬಿದ್ದು ಬೆನೆವೊಲೆಂಟ್ ಸೊಸೈಟಿ ಎಂಬ ದಾನಸಂಸ್ಥೆ. ಎಡ್ವರ್ಡ್ ಸ್ಮಿತ್ ಹಾಲ್ ಮತ್ತು ಗೆಳೆಯರು 1813ರಲ್ಲಿ ಶುರು ಮಾಡಿದ್ದು. ಆ ಹೆಸರು ಬಂದದ್ದು 1818ರಲ್ಲಿ. ಗವರ್ನರ್ ಮ್ಯಾಕ್ವಾರಿ ಕಾಲದಲ್ಲಿ ಕಟ್ಟಿದ ಆಶ್ರಯಧಾಮ 1821ರಲ್ಲಿ ಬಾಗಿಲು ತೆರೆಯಿತು. ಈಗ ಸೆಂಟ್ರಲ್ ರೈಲು ನಿಲ್ದಾಣ ಇದೆಯಲ್ಲ, ಅದೇ ಜಾಗ.

ಯೋಚಿಸಿ ನೋಡಿ: ಸೆರೆಯಲ್ಲಿದ್ದಷ್ಟು ದಿನ ಸರ್ಕಾರಿ ಉಗ್ರಾಣದಿಂದ ಹಿಟ್ಟು, ಮಾಂಸ ಸಿಗುತ್ತಿತ್ತು. ಬಿಡುಗಡೆಯಾದ ಮೇಲೆ ದುಡಿದರೆ ಮಾತ್ರ ಊಟ. ಕಣ್ಣು ಮಂಜಾಗಿ, ಕೈಕಾಲು ಸೋತರೆ? ಮಕ್ಕಳು, ಅಣ್ಣತಮ್ಮಂದಿರು ಎಲ್ಲ ಸಮುದ್ರದ ಆಚೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಹಾಗಂತ ಸೊಸೈಟಿಯ ನೆರವು ಹಕ್ಕಿನಿಂದ ಬಂದದ್ದಲ್ಲ. ಭಿಕ್ಷಾಟನೆ ತಡೆಯುವುದು, ದುಡಿಮೆಯ ಅಭ್ಯಾಸ ಬೆಳೆಸುವುದು, ಧರ್ಮಬೋಧೆ ಮಾಡುವುದೂ ಅದರ ಗುರಿಗಳಲ್ಲಿದ್ದವು. ಪಾಪ, ಹಸಿದವರಿಗೆ ಉಪದೇಶವೂ ಜೊತೆಗೇ ಬರುತ್ತಿತ್ತು. ಖರ್ಚಿಗೆ ದಾನಿಗಳ ಚಂದಾ ಸಾಲದೆ ಸರ್ಕಾರದ ಹಣವೂ ಜಾಸ್ತಿ ಬೇಕಾಯಿತು. ಕೊನೆಗೆ 1862ರಲ್ಲಿ ದಿಕ್ಕಿಲ್ಲದ ವೃದ್ಧರ ಹೊಣೆಯನ್ನು ಸರ್ಕಾರವೇ ವಹಿಸಿಕೊಂಡಿತು. ಆಶ್ರಯಧಾಮ ಹೆಂಗಸರು, ಮಕ್ಕಳು, ಹೆರಿಗೆಯ ಕಡೆ ತಿರುಗಿತು.