ಗ್ಲಾಕ್ 19ಕ್ಕೆ ಬೇರೆ ಕಂಪನಿಯ ಟ್ರಿಗರ್: ಪ್ರತಿಕ್ರಿಯೆ

ಟೆಕ್ಸಾಸ್‌ನಲ್ಲಿ ಆತ್ಮರಕ್ಷಣೆಗೆಂದು ಸೊಂಟದಲ್ಲಿ ಧರಿಸುವ ಗ್ಲಾಕ್ 19 ಪಿಸ್ತೂಲಿನ ಟ್ರಿಗರ್ ಬಿಗಿಯೆನಿಸುವುದರಿಂದ ಬೇರೆ ಕಂಪನಿಯ ಹಗುರವಾದ ಟ್ರಿಗರ್ ಹಾಕಿಸಬಹುದೇ ಎಂದು ತಾವು ಕೇಳಿದ್ದೀರಿ. ಹಾಕಿಸಬಹುದು, ಆದರೆ ಸ್ಪರ್ಧೆಯ ಪಿಸ್ತೂಲಿಗೆ ಒಪ್ಪುವ ಹಗುರತನ ಸದಾ ಜೊತೆಯಲ್ಲಿರುವ ಪಿಸ್ತೂಲಿಗೆ ಒಪ್ಪದೆಂಬುದು ನನ್ನ ಅಭಿಪ್ರಾಯ.

ಈ ಪಿಸ್ತೂಲಿನಲ್ಲಿ ಸಾಮಾನ್ಯವಾಗಿ ಹೆಬ್ಬೆರಳಿನಿಂದ ಸರಿಸುವ ಸೇಫ್ಟಿ (ಆಕಸ್ಮಿಕವಾಗಿ ಗುಂಡು ಹಾರದಂತೆ ತಡೆಯುವ ಏರ್ಪಾಡು) ಇರುವುದಿಲ್ಲ. ಟ್ರಿಗರ್‌ನ ನಡುವಿರುವ ಪುಟ್ಟ ನಾಲಗೆ, ಗುಂಡನ್ನು ಹಿಂದಿನಿಂದ ಹೊಡೆದು ಸಿಡಿಸುವ ಫೈರಿಂಗ್ ಪಿನ್ನನ್ನು (ಸ್ಟ್ರೈಕರ್) ತಡೆಹಿಡಿಯುವ ಗುಂಡಿ, ಕೈಜಾರಿ ಬಿದ್ದರೂ ಗುಂಡು ಹಾರದಂತೆ ಕಾಯುವ ಏರ್ಪಾಡು, ಈ ಮೂರೂ ಟ್ರಿಗರ್ ಮತ್ತು ಅದಕ್ಕೆ ಜೋಡಿಸಿದ ಲೋಹದ ಪಟ್ಟಿಯಾದ ಬಾರ್‌ನ ಚಲನೆಯನ್ನೇ ಅವಲಂಬಿಸಿವೆ. ಆ ಚಲನೆಯನ್ನು ತೀರಾ ಮೊಟಕುಗೊಳಿಸುವ ಭಾಗಗಳು ಈ ರಕ್ಷಣೆಯನ್ನೇ ಸಡಿಲಿಸಬಲ್ಲವು. ಸ್ಟ್ರೈಕರ್ ಸ್ಪ್ರಿಂಗ್ ಹಗುರಾದರಂತೂ ಪಿನ್ ಹೊಡೆದಾಗ ಗುಂಡಿನ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಗಡಸಾಗಿದ್ದರೆ ಸಿಡಿಯದೆಯೂ ಹೋಗಬಹುದು.

ಆದ್ದರಿಂದ ಕಾರ್ಖಾನೆಯ ಸ್ಪ್ರಿಂಗ್‌ಗಳನ್ನು ಹಾಗೆಯೇ ಉಳಿಸಿಕೊಂಡು, ಬೆರಳು ತಾಗುವ ಭಾಗವನ್ನಷ್ಟೇ ಬಂದೂಕು ದುರಸ್ತಿ ಮಾಡುವ ಅನುಭವಿ ಗನ್‌ಸ್ಮಿತ್‌ನಿಂದ ಬದಲಾಯಿಸಿಕೊಂಡು, ಮೂರೂ ಸೇಫ್ಟಿಗಳನ್ನು ಪರೀಕ್ಷಿಸಿದ ಬಳಿಕವೇ ತಾವು ನಿತ್ಯ ಬಳಸುವ ಗುಂಡುಗಳನ್ನು ರೇಂಜಿನಲ್ಲಿ ಹಾರಿಸಿ ನೋಡಿರಿ.